ಎಕರೆಗೆ ಆರೂವರೆ ಲಕ್ಷದ ಕಾಡು

ಬೆಳಿಗ್ಗೆಯಿಂದ ತಲೆ ಕೆಟ್ಟುಹೋಗಿದೆ. ಶಿರಸಿ ಕಡೆ ಒಂದು ನೆಡುತೋಪಿನ ಪಕ್ಕ ಗಾಡಿ ನಿಲ್ಲಿಸಿದ್ದೆ. ಯಾವ ರೇಂಜು ಅಂತ ಕೇಳಬೇಡಿ. ಹೊಸ ಬಣ್ಣ ಬಳಿದ ಬೋರ್ಡು. ಕಾಂಪಾ ಹಣದ ಕೆಲಸ, ಅಂದರೆ ಕಡಿದ ಕಾಡಿಗೆ ಪರಿಹಾರವಾಗಿ ಬೇರೆಡೆ ಗಿಡ ನೆಡೋಕೆ ಅಂತ ಇರುವ ಸರ್ಕಾರಿ ನಿಧಿ. ನೆಟ್ಟ ವರ್ಷ, ಹೆಕ್ಟೇರು, ಕೆಳಗೆ ಜಾತಿಗಳ ಪಟ್ಟಿ: ಹಲಸು, ನೇರಳೆ, ಹೊನ್ನೆ, ಮುರುಗಲು. ಒಳಗೆ ಹೋದರೆ ಗುಂಡಿಗಳಲ್ಲಿ ಒಣಕಡ್ಡಿ. ಒಂದನ್ನು ಎಳೆದೆ. ಬೇರಿನ ಜೊತೆ ನರ್ಸರಿಯ ಕಪ್ಪು ಪ್ಲಾಸ್ಟಿಕ್ ಚೀಲವೂ ಎದ್ದು ಬಂತು. ಚೀಲ ಹರಿದು ನೆಡೋಕೂ ಪುರುಸೊತ್ತು ಸಿಗಲಿಲ್ಲ, ಪಾಪ! ಜೋರಾಗಿ ಬೆಳೆದಿದ್ದು ಪಟ್ಟಿಯಲ್ಲೇ ಇಲ್ಲದ ಅಕೇಶಿಯಾ ಮಾತ್ರ.

ನಾನು ಸೊಪ್ಪಿನಬೆಟ್ಟದಲ್ಲಿ, ಅಂದರೆ ಅಡಿಕೆ ತೋಟಕ್ಕೆ ಸೊಪ್ಪು ತರೋಕೆ ಬಿಟ್ಟ ಕಾಡಿನಲ್ಲಿ, ಬೆಳೆದವನು ಅಂತ ನಿಮಗೆಲ್ಲ ಗೊತ್ತು. ಅಕೇಶಿಯಾ ಮೇಲೆ ನನಗೆ ಹಗೆಯಿಲ್ಲ, ನಮ್ಮ ಅಡುಗೆಮನೆ ಬಾಗಿಲೇ ಅದರದ್ದು. ಆದರೆ ಅದರ ದರಕು (ಒಣ ಎಲೆ) ಬಿದ್ದಲ್ಲಿ ಹುಲ್ಲೂ ಸರಿಯಾಗಿ ಏಳಲ್ಲ. ದನಕ್ಕೆ ಮೇವಿಲ್ಲ, ಮಂಗಟ್ಟೆ ಹಕ್ಕಿಗೆ (ಹಾರ್ನ್‌ಬಿಲ್) ಹಣ್ಣಿಲ್ಲ. ಇದನ್ನೂ ಕಾಡಿನ ಲೆಕ್ಕಕ್ಕೆ ಹಿಡಿಯುತ್ತಾರೆ.

ಈ ಹಣ ಎಲ್ಲಿಂದ ಬಂತು ಅಂತ ನೋಡಿ. ಗಣಿ, ರಸ್ತೆ, ವಿದ್ಯುತ್ ಲೈನಿಗೆ ಕಾಡು ಕೊಟ್ಟಾಗ ಕಡಿದವರು ಕಟ್ಟುವ ದುಡ್ಡು ಇದು. ಬೇರೆಲ್ಲೋ ಗಿಡ ನೆಡುವ ಖರ್ಚು, ಜೊತೆಗೆ ಹೋದ ಕಾಡಿನ ಬೆಲೆ. ಆ ಬೆಲೆಗೆ ಎನ್‌ಪಿವಿ (ನೆಟ್ ಪ್ರೆಸೆಂಟ್ ವ್ಯಾಲ್ಯೂ) ಅಂತಾರೆ. 2022ರಲ್ಲಿ ರೇಟು ಏರಿಸಿದ ಮೇಲೂ, ಅಭಯಾರಣ್ಯದ ಹೊರಗಿನ ಅತಿ ದಟ್ಟ ಕಾಡಿಗೆ ಹೆಕ್ಟೇರಿಗೆ ಹದಿನಾರು ಲಕ್ಷದ ಆಸುಪಾಸು. ಎಕರೆಗೆ ಆರೂವರೆ ಲಕ್ಷ ಆಯ್ತು. ನಮ್ಮೂರಲ್ಲಿ ಈ ರೇಟಿಗೆ ಒಂದು ಎಕರೆ ಅಡಿಕೆ ತೋಟ ಕೇಳಿ ನೋಡಿ, ಕಾಫಿನೂ ಕೊಡದೆ ಕಳಿಸುತ್ತಾರೆ. ತೋಟ ಬೇಕಾದರೆ ಇನ್ನೊಮ್ಮೆ ಮಾಡಬಹುದು. ರಾಂಪತ್ರೆ ಮರಗಳ ಜೌಗು ಕಾಡನ್ನು, ನಮ್ಮ ರಾಂಪತ್ರೆ ಜಡ್ಡಿಯನ್ನು, ಯಾವ ಗುತ್ತಿಗೆದಾರ ಮಾಡಿಕೊಡುತ್ತಾನೆ?

"ಮೊದಲು ಅಷ್ಟೂ ಬರುತ್ತಿರಲಿಲ್ಲ ಮಾರಾಯ, ಈಗ ಹಣವಾದರೂ ಇದೆಯಲ್ಲ" ಅಂತಾನೆ ನನ್ನ ಭಾವ. ಹೌದು, ಇದೆ. 2002ರಲ್ಲಿ ಇಂಥ ನಿಧಿ ಮಾಡಿ ಅಂತ ಸುಪ್ರೀಂ ಕೋರ್ಟು ಹೇಳಿತು, 2016ರಲ್ಲಿ ಕಾಯ್ದೆಯೂ ಆಯ್ತು. 2019ರ ಆಗಸ್ಟಿನಲ್ಲಿ ಕೇಂದ್ರ 47 ಸಾವಿರ ಕೋಟಿಗೂ ಜಾಸ್ತಿ ರಾಜ್ಯಗಳಿಗೆ ಕೊಟ್ಟಿತು. ದುಡ್ಡಿಗೆ ಬರ ಇಲ್ಲವೇ ಇಲ್ಲ. ಉತ್ತರಾಖಂಡದಲ್ಲಿ ಇದೇ ನಿಧಿಯಿಂದ ಐಫೋನು, ಲ್ಯಾಪ್‌ಟಾಪು, ಫ್ರಿಜ್ಜು ತಂದರು ಅಂತ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿ 2025ರಲ್ಲಿ ಹೇಳಿತಲ್ಲ. ಅಲ್ಲಿ ನೆಟ್ಟ ಗಿಡಗಳಲ್ಲಿ ಉಳಿದದ್ದು ಶೇಕಡಾ 33 ಚಿಲ್ಲರೆ. ಉಳಿಯಬೇಕಾಗಿದ್ದು 60ಕ್ಕೂ ಹೆಚ್ಚು. ಫ್ರಿಜ್ಜಿನಲ್ಲಿ ಸಸಿ ಇಟ್ಟಿದ್ದರೂ ಇನ್ನೊಂದಿಷ್ಟು ಬದುಕುತ್ತಿದ್ದವೇನೋ.

ನನ್ನ ಸಿಟ್ಟು ಕದ್ದವರ ಮೇಲಷ್ಟೇ ಅಲ್ಲ. ಒಂದು ಪೈಸೆ ಆಚೀಚೆ ಆಗದಿದ್ದರೂ ಇದು ಮೋಸವೇ. ಇಲ್ಲಿ ಕಡಿದು ಅಲ್ಲಿ ನೆಟ್ಟರೆ ಸರಿಹೋಯಿತು ಅಂತ ಫೈಲಿನಲ್ಲಿ ಬರೆದುಕೊಂಡರೆ, ಕಡಿಯೋಕೆ ಯಾರಿಗೂ ಕೈ ನಡುಗಲ್ಲ. ದುಡ್ಡು ಕಟ್ಟಿದೆವಲ್ಲ, ಇನ್ನೇನು ಅಂತ.

ಇಲಾಖೆಯಲ್ಲಿರುವ ಗೆಳೆಯರು ಈಗ ಇನ್‌ಬಾಕ್ಸಿಗೆ ಬರುತ್ತೀರಿ, ಗೊತ್ತು. ಬನ್ನಿ. ಮೇಲಿನವರ ಟಾರ್ಗೆಟ್ಟು, ತಿಂಗಳುಗಟ್ಟಲೆ ಸಂಬಳ ಸಿಗದ ವಾಚರು, ಎಲ್ಲ ಕೇಳುತ್ತೇನೆ. ಎಷ್ಟು ನೆಟ್ಟೆವು ಅಂತ ಮಾತ್ರ ಹೇಳಬೇಡಿ. ಐದು ವರ್ಷದ ಹಿಂದೆ ನೆಟ್ಟಿದ್ದರಲ್ಲಿ ಈಗ ಎಷ್ಟಿದೆ, ಅಕೇಶಿಯಾ ಬಿಟ್ಟು, ಅದನ್ನು ಹೇಳಿ.