ಮಿಡತೆ ಕಟ್ಟಿದ ಬಸ್ ಸ್ಟಾಪು

ನಾಲ್ಕು ಕಂಬ, ಮೇಲೊಂದು ತಗಡು. ಬಸ್ ಸ್ಟಾಪಿಗೆ ಇಷ್ಟು ಸಾಕು ಅಂದವನು ಹುಬ್ಬಳ್ಳಿ-ಧಾರವಾಡದ ಪ್ರಗತಿಗೆ ಅಡ್ಡಗಾಲು ಹಾಕಿದವನು. ಈಗ ಚಾವಣಿ ಅಂದರೆ ಅಲೆ ಅಲೆಯಾಗಿ ಹರಿಯಬೇಕು. ಯಾಕೆ ಅಂತ ಯಾರಾದರೂ ಕೇಳಿದರೆ ‘ಪ್ಯಾರಾಮೆಟ್ರಿಕ್’ ಅನ್ನಬೇಕು. ಕೇಳಿದವರು ತಲೆಯಾಡಿಸಿ ಸುಮ್ಮನಾಗುತ್ತಾರೆ.

ಮಾಡುವುದು ಗಿರ್ಮಿಟ್ ಕಲಸಿದಷ್ಟೇ ಸುಲಭ. ಕಂಪ್ಯೂಟರಿನಲ್ಲಿ ಆಕಾರ ಬಿಡಿಸುವ ರೈನೊ ತಂತ್ರಾಂಶ ತೆರೆದು ಮೂರು ಡೊಂಕು ಗೆರೆ ಎಳೆದು, ಗೆರೆಗಳ ನಡುವೆ ಮೈ ಹೊದಿಸುವ ‘ಲಾಫ್ಟ್’ ಒತ್ತಿದರೆ ಹೊದಿಕೆ ಸಿದ್ಧ. ಆಮೇಲೆ ಗ್ರಾಸ್‌ಹಾಪರ್, ಅಂದರೆ ಮಿಡತೆ: ಅಂಕಿ ಬದಲಿಸಿದರೆ ಆಕಾರ ತಾನೇ ಬದಲಾಗುವಂತೆ ಮಾಡುವ ರೈನೊದ ಜೋಡಿ. ಪ್ಯಾರಾಮೆಟ್ರಿಕ್ ಅಂದರೆ ಇದೇ. 2018ರ ರೈನೊ 6ರಿಂದ ಇದು ಒಳಗೇ ಕೂತು ಬರುತ್ತದೆ. ಹೊಲದ ಮಿಡತೆ ಜೋಳ ತಿಂದರೆ ಇದು ಅಂದಾಜುಪಟ್ಟಿ ತಿನ್ನುತ್ತದೆ. ಹೊದಿಕೆಯನ್ನು ಉದ್ದಕ್ಕೆ 40, ಅಡ್ಡಕ್ಕೆ 15 ಭಾಗ ಮಾಡಿ: 600 ಫಲಕ. ಒಂದೊಂದಕ್ಕೂ ಒಂದು ತೂತು. ಎಲ್ಲಾದರೂ ಒಂದು ಬಿಂದು ಇಟ್ಟು, ಅಲ್ಲಿಂದ ಇರುವ ದೂರಕ್ಕೆ ತೂತಿನ ಅಳತೆ ಗಂಟುಹಾಕಿ. ಹತ್ತಿರದ ತೂತು ದೊಡ್ಡದು, ದೂರದ್ದು ಸಣ್ಣದು. ಬಿಂದು ಎಲ್ಲಿಡುವುದು? ಬೆಂಚಿನ ನೆತ್ತಿಯ ಮೇಲೇ. ರೆಂಡರಿನಲ್ಲಿ, ಅಂದರೆ ಕಂಪ್ಯೂಟರ್ ಬಿಡಿಸಿದ ಚಿತ್ರದಲ್ಲಿ, ಬಿಸಿಲುಕೋಲು ಅಲ್ಲಿ ಚೆಂದ ಬೀಳುತ್ತದೆ. ಧಾರವಾಡದ ಜುಲೈ ತಿಂಗಳ ಜಿಟಿಜಿಟಿ ಮಳೆಯನ್ನು ರೆಂಡರಿಗೆ ಹಾಕುವ ಪದ್ಧತಿ ಇಲ್ಲ.

ಸಭೆಯಲ್ಲಿ ಅಂಕಿ ಏರಿಳಿಸುವ ಸ್ಲೈಡರ್ ಹಿಡಿದು ಎರಡು ಸಲ ಆಚೀಚೆ ಎಳೆಯಿರಿ. ಚಾವಣಿ ಹಾವಿನಂತೆ ಹೊರಳುತ್ತದೆ, ಮಂಜೂರಾತಿ ಆಗುತ್ತದೆ.

ಪಂಚಾಯ್ತಿ ಶುರುವಾಗುವುದು ಫ್ಯಾಬ್ರಿಕೇಟರ್ ಶೆಡ್ಡಿನಲ್ಲಿ. 600 ಫಲಕದಲ್ಲಿ ಒಂದರ ಹಾಗೆ ಇನ್ನೊಂದಿಲ್ಲ. ಅದೂ ಹೋಗಲಿ, ಒಂದು ಫಲಕದ ಮೂರು ಮೂಲೆ ನೆಲಕ್ಕೆ ಒತ್ತಿದರೆ ನಾಲ್ಕನೆಯದು ಬೆರಳುದ್ದ ಮೇಲೇಳುತ್ತದೆ. 2440 × 1220 ಮಿ.ಮೀ. ಎಸಿಪಿ (ಎರಡು ಅಲ್ಯೂಮಿನಿಯಂ ಹಾಳೆ ನಡುವೆ ಪ್ಲಾಸ್ಟಿಕ್) ಶೀಟು ಒಂದು ದಿಕ್ಕಿಗೆ ಬಾಗೀತು, ಎರಡೂ ದಿಕ್ಕಿಗೆ ಬಾಗದು. ಜಗ್ಗಿ ರಿವೆಟ್ ಹೊಡೆದರೆ ಉಬ್ಬುತ್ತದೆ, ಇಲ್ಲವೇ ತೂತು ಹರಿಯುತ್ತದೆ. “ಸಾಹೇಬ್ರ, ಇದಕ್ಕ ಮಟ್ಟಾ ಎಲ್ಲಿ ಹಿಡೀಬೇಕ್ರಿ?” ಎಂಬ ಪ್ರಶ್ನೆಗೆ ಯಾವ ಪ್ಲಗಿನ್ನಿನಲ್ಲೂ ಉತ್ತರವಿಲ್ಲ. ಸುಲಭದ ದಾರಿ ಒಂದೇ: ಕರ್ಣದ ಗುಂಟ ಸೀಳಿ ತ್ರಿಕೋನ ಮಾಡುವುದು. ಲೆಕ್ಕ 1200ಕ್ಕೆ ಏರಿತು. ಪ್ರತಿಯೊಂದಕ್ಕೂ ನಂಬರು ಬರೆಯಬೇಕು, ಮಾರ್ಕರಿನಲ್ಲಿ ಬರೆದದ್ದು ಮಳೆಗೆ ಅಳಿಸಬಾರದು.

ಇನ್ನು ಮಿಡತೆಯ ‘ಬೇಕ್’ ಎಂಬ ಗುಂಡಿ, ಇಂಗ್ಲಿಷಿನಲ್ಲಿ ಸುಡು ಎಂದರ್ಥ. ಅದನ್ನು ಒತ್ತಿದ ಕೂಡಲೇ ಆಕಾರ ಗಟ್ಟಿಯಾಗಿ ಸ್ಲೈಡರಿನ ನಂಟು ಕಡಿಯುತ್ತದೆ. ರೊಟ್ಟಿ ಸುಟ್ಟ ಮೇಲೆ ಹಿಟ್ಟು ಎಷ್ಟು ನಾದಿದರೂ ಆ ರೊಟ್ಟಿ ದೊಡ್ಡದಾಗುವುದಿಲ್ಲ. ಆದರೆ ಕಟಿಂಗಿಗೆ ಫೈಲು ಹೋದ ಮರುದಿನವೇ ದೊಡ್ಡವರೊಬ್ಬರಿಗೆ ಅಲೆ “ಇನ್ನಾ ಸ್ವಲ್ಪ ಏಳಬೇಕು” ಅನಿಸುತ್ತದೆ. ಸ್ಲೈಡರ್ 1.8ರಿಂದ 2.1ಕ್ಕೆ ಏರುತ್ತದೆ. ಪೈಪಿನ ಚೌಕಟ್ಟು ಹೊಸ ಅಳತೆಯದು, ಶೀಟು ಹಳೆಯದು. ನಡುವಿನ ಸಂದಿಗೆ ಸಿಲಿಕಾನ್ ತುಂಬುತ್ತಾರೆ, ಟ್ಯೂಬು ಟ್ಯೂಬು.

ಅಂದಾಜುಪಟ್ಟಿಯ ವಿಷಯ ಕೇಳಲೇಬೇಡಿ. ದರಪಟ್ಟಿಯಲ್ಲಿ ಅಲೆಗೆ ದರ ಇಲ್ಲ, ಆದ್ದರಿಂದ ಒಟ್ಟಿಗೆ ಒಂದು ಮೊತ್ತ, ಅಂದರೆ ‘ಲಂಪ್‌ಸಮ್’. ಬುನಾದಿ ಮಾತ್ರ ಹಳೆಯ ತಗಡಿನ ಶೆಡ್ಡಿನದೇ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ಆಳಕ್ಕಿಳಿಯದ ಕಂಬ ಅದರ ಜೊತೆ ಏರಿಳಿಯುತ್ತದೆ. ಆಗ ಚಾವಣಿ ಸ್ಲೈಡರಿಲ್ಲದೆಯೂ ಆಕಾರ ಬದಲಿಸುತ್ತದೆ.

ಚೆಂದದ ಆಕಾರಕ್ಕೆ ಮಿಡತೆಯೇ ಬೇಕೆಂದಿಲ್ಲ. ಗದಗ ಜಿಲ್ಲೆಯ ಡಂಬಳದಲ್ಲಿ 12ನೇ ಶತಮಾನದ ದೊಡ್ಡಬಸಪ್ಪ ಗುಡಿ ಇದೆ. ಗರ್ಭಗುಡಿಯ ಹೊರಗೋಡೆ 24 ಮೂಲೆಯ ನಕ್ಷತ್ರ. ಗುಟ್ಟು ಇಷ್ಟೇ: ಒಂದೇ ಚೌಕವನ್ನು ಒಂದೇ ಕೇಂದ್ರದ ಸುತ್ತ 15 ಡಿಗ್ರಿಯಂತೆ ಸರಿಸುತ್ತ 6 ಸಲ ಇಡುವುದು. ಚಾಚಿದ ಮೂಲೆಗಳೆಲ್ಲ 90 ಡಿಗ್ರಿಯವೇ, ಕಲ್ಲುಕುಟಿಗನಿಗೆ ಒಂದು ಮೂಲೆಮಟ್ಟ ಸಾಕು. ಈಗಿನ ಟೆಂಡರಿನಲ್ಲಿ ಇದು ಪಾಸಾಗುವುದಿಲ್ಲ ಬಿಡಿ. 24 ಮೂಲೆಯೂ ಒಂದೇ ಅಳತೆಯಾದರೆ ಅದಕ್ಕೆ ಕನ್ಸಲ್ಟಂಟ್ ಯಾಕೆ ಬೇಕು?

ಮೊದಲ ಗಾಳಿಗೇ ಐದಾರು ಫಲಕ ಹಾರುತ್ತವೆ. ಆ ಕಿಂಡಿಗೆ ಯಾರೋ ನಾಯಕರ ಹುಟ್ಟುಹಬ್ಬದ ಫ್ಲೆಕ್ಸು ತಂದು ನಾಲ್ಕು ಮೂಲೆಗೆ ಬೈಂಡಿಂಗ್ ವೈರ್ ಬಿಗಿಯುತ್ತಾರೆ. ಎರಡು ಮೂಲೆ ಮೇಲೆ, ಎರಡು ಮೂಲೆ ಕೆಳಗೆ. ಎಸಿಪಿ ಒಲ್ಲೆನೆಂದ ಆಕಾರಕ್ಕೆ ಫ್ಲೆಕ್ಸು ಕುದುರೆಯ ಜೀನಿನಂತೆ ತಾನಾಗಿ ಬಾಗಿ ಕೂರುತ್ತದೆ. ತೂತೂ ಇಲ್ಲ. ಇಡೀ ಸ್ಟಾಪಿನಲ್ಲಿ ಸೋರದ ಜಾಗ ಅದೊಂದೇ. ಮಳೆ ಬಂದಾಗ ಎಲ್ಲರೂ ಆ ನಗುಮುಖದ ಕೆಳಗೇ ಒತ್ತೊತ್ತಾಗಿ ನಿಂತಿರುತ್ತಾರೆ.