ಗಲ್ಲಾ ತುಂಬಿತ್ತು, ರೊಕ್ಕ ಎಲ್ಲಿ?

ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಕಿನ್ನಾಳದ ಕಟ್ಟಿಗೆ ಗೊಂಬೆಗಳ ಮಳಿಗೆ ಹಾಕಿದವರ ಗಲ್ಲಾ ರಾತ್ರಿ ತುಂಬಿರುತ್ತದೆ. ಬೆಳಿಗ್ಗೆ ಬಣ್ಣದ ಅಂಗಡಿಯ ಬಾಕಿ ಕೊಡಲು ರೊಕ್ಕ ಇರುವುದಿಲ್ಲ. ಕಳ್ಳರೇನೂ ಬಂದಿಲ್ಲ. ಮಳಿಗೆಗೆ ಅಂಟಿಸಿದ ಕ್ಯೂಆರ್ ಕೋಡ್ ಮನೆಯ ಉಳಿತಾಯ ಖಾತೆಯದು. ಸಿಲಿಂಡರ್, ಟ್ಯೂಷನ್ ಫೀ, ಅಳಿಯ ಬಂದನೆಂದು ತಂದ ಜಿಲೇಬಿ ಎಲ್ಲದಕ್ಕೂ ಅದೇ ಖಾತೆ. ವ್ಯಾಪಾರಕ್ಕೆ ಬೇರೆ ಖಾತೆ ತೆರೆದು, ತಿಂಗಳ ಮೊದಲ ತಾರೀಖಿಗೆ ಮಾಲೀಕರು ತಮಗೆ ತಾವೇ ಪಗಾರ ಹಾಕಿಕೊಂಡರೆ ಜಿಲೇಬಿಯ ಲೆಕ್ಕವಾದರೂ ಸಿಗುತ್ತದೆ.

ಬೆಲೆ ಕಟ್ಟುವುದು ಇನ್ನೊಂದು ಪ್ರಹಸನ. ಒಂದು ಗಿಳಿ ಗೊಂಬೆಗೆ ಕಟ್ಟಿಗೆ 40 ರೂಪಾಯಿ, ಬಣ್ಣ 25, ಡಬ್ಬಿ 20 ಎನ್ನಿ. 85ರ ಮಾಲು 200ಕ್ಕೆ ಹೋಯಿತೆಂದು ಮನೆಯವರೆಲ್ಲ ಖುಷಿ. ಹುಣಸೆಬೀಜದ ಅಂಟು ಕುದಿಸಿ, ಕಟ್ಟಿಗೆ ಪುಡಿ ಕಲಸಿ, ಸಂದು ಮುಚ್ಚಿ, ಒಣಗಿಸಿ, ಕೊಕ್ಕಿನ ಕೆಂಪು ಬಳಿದ ಕೈಗೆ ಕೂಲಿ ಯಾರು ಕೊಡಬೇಕು? ಕೈಕೆಲಸ ಮೂರು ತಾಸು, ತಾಸಿಗೆ 80ರಂತೆ 240. ಅಸಲು ಖರ್ಚು 325. ಪ್ರತಿ ಗಿಳಿಯ ಜೊತೆ 125 ರೂಪಾಯಿ ದಾನ ಹಾರಿಹೋಯಿತು.

ಸರಿ, 400 ಅನ್ನಿ. ಆಗ ಬರುತ್ತದೆ: ‘ಯಕ್ಕಾ, ಕಟ್ಟಿಗೀದು, ಇಷ್ಟ್ಯಾಕ್ರಿ?’ ಹತ್ತು ಪರ್ಸೆಂಟ್ ಬಿಟ್ಟರೆ ಹೋಗುವುದು 40. ಲಾಭವಿದ್ದದ್ದೇ 75, ಉಳಿದದ್ದು 35. ಗಿರಾಕಿಗೆ ಹತ್ತು ಪರ್ಸೆಂಟ್ ಕಂಡದ್ದು ಮಾಲೀಕರ ಲಾಭದಲ್ಲಿ ಅರ್ಧಕ್ಕಿಂತ ಹೆಚ್ಚು. ಚೌಕಾಶಿಗೆ ಜಾಗ ಬೇಕಿದ್ದರೆ ಬೆಲೆ ಹೇಳುವಾಗಲೇ ಇಟ್ಟುಕೊಳ್ಳಬೇಕು. ‘ಕಾಕಾ, ನಮಗೂ ಅದ ರೇಟಾ?’ ಎನ್ನುವ ಬೀಗರಿಗೆ ಮಾತ್ರ ಯಾವ ಲೆಕ್ಕವೂ ನಾಟುವುದಿಲ್ಲ; ಉದ್ರಿ ವಹಿಯಲ್ಲಿ ಅವರ ಪುಟವೇ ಎಲ್ಲಕ್ಕಿಂತ ಉದ್ದ.

ದೊಡ್ಡ ಆರ್ಡರ್ ಬಂದರೆ ಕುಣಿಯುವ ಮುಂಚೆ ಅರ್ಧ ಮುಂಗಡ ಕೇಳಬೇಕು. ಕಂಪನಿಯವರು ದೀಪಾವಳಿಗೆ 300 ಗಿಳಿ ಬೇಕೆನ್ನುತ್ತಾರೆ. ಅವಸರಕ್ಕೆ ಹಸಿ ಕಟ್ಟಿಗೆ ಹಿಡಿದರೆ ಒಣಗುತ್ತ ಕುಗ್ಗಿ ಸೀಳುತ್ತದೆ, ಮೇಲಿನ ಬಣ್ಣ ಚಕ್ಕೆಯೇಳುತ್ತದೆ. ಗಿಳಿಗೆ ಸಿಡುಬು ಬಂದಂತೆ ಕಾಣುತ್ತದೆ. ಮಾಲು ಚೆನ್ನಾಗಿದ್ದರೂ ಬಿಲ್ಲು ಮಾತ್ರ ‘ಮ್ಯಾಲಿನ ಸಾಹೇಬ್ರ ಟೇಬಲ್ಲಿಗೆ ಹೋಗೇತ್ರಿ’. ಸಣ್ಣ ಉದ್ಯಮಗಳಿಗೆ ಸರ್ಕಾರ ಮಾಡಿಕೊಡುವ ಉದ್ಯಮ್ ನೋಂದಣಿ ಪುಕ್ಕಟೆ. ಅದಿದ್ದವರಿಗೆ ಲಿಖಿತ ಕರಾರಿಲ್ಲದಿದ್ದರೆ 15 ದಿನದಲ್ಲಿ, ಕರಾರಿದ್ದರೂ 45 ದಿನದೊಳಗೆ ಬಿಲ್ಲಿನ ರೊಕ್ಕ ಕೊಡಬೇಕೆಂದು ಸಣ್ಣ ಉದ್ಯಮಗಳ 2006ರ ಕಾಯ್ದೆಯೇ ಹೇಳುತ್ತದೆ. ತಡಮಾಡಿದರೆ ಬಡ್ಡಿಯೂ ಸೇರುತ್ತದೆ. ನೋಂದಣಿ ಸಂಖ್ಯೆಯನ್ನು ಬಿಲ್ಲಿನ ತಲೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ. ಸಾಹೇಬರು ಟೇಬಲ್ಲಿಗೆ ಬೇಗ ಬರುವುದುಂಟು.

ಕೈಕಸುಬಿನವರಿಗೆಂದು ಕೇಂದ್ರ ಸರ್ಕಾರ ತಂದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಸಾಂಪ್ರದಾಯಿಕ ಗೊಂಬೆ ತಯಾರಕರಿಗೆ 5% ಬಡ್ಡಿಗೆ ಮೊದಲ ಸಾಲ 1 ಲಕ್ಷದವರೆಗೆ ಸಿಗುತ್ತದೆ, 18 ತಿಂಗಳಲ್ಲಿ ತೀರಿಸಬೇಕು. ಪೂರ್ತಿ ಲಕ್ಷ ತೆಗೆದರೆ ತಿಂಗಳಿಗೆ ಅಸಲೇ ಐದೂವರೆ ಸಾವಿರ ದಾಟುತ್ತದೆ. ಆ ರೊಕ್ಕದಲ್ಲಿ ಕಟ್ಟಿಗೆ ಕೊಳ್ಳಲು ಹೊರಟ ಮಾಲೀಕರು ದಾರಿಯಲ್ಲಿ ಬೈಕ್ ಶೋರೂಮ್ ಇರುವ ರಸ್ತೆ ಬಿಟ್ಟು, ಸುತ್ತು ಹಾಕಿಕೊಂಡು ಹೋಗುವುದು ಲೇಸು.