ಗುಂಡನ ಮೆತ್ತನೆಯ ಬಾಯಿ

ನಮ್ಮ ಮನೆಯ ಬೆಲ್ ಆದರೆ ಮೊದಲು ಎದ್ದು ಹೋಗುವವನು ಗುಂಡ. ಹೋಗುವಾಗ ಬರಿಗೈಯಲ್ಲಿ, ಅಂದರೆ ಬರಿಬಾಯಲ್ಲಿ, ಹೋಗುವ ಅಭ್ಯಾಸ ಅವನಿಗಿಲ್ಲ. ದಾರಿಯಲ್ಲಿ ಸಿಕ್ಕ ಒಂದು ಚಪ್ಪಲಿ ಎತ್ತಿಕೊಂಡು, ಬಾಲ ಬೀಸುತ್ತ, ಬಂದವರ ಕೈಗೆ ಒಪ್ಪಿಸುತ್ತಾನೆ. ಕಳೆದ ಚಳಿಗಾಲದಲ್ಲಿ ಧಾರವಾಡದಿಂದ ಬಂದ ನಮ್ಮ ಅಪ್ಪನಿಗೂ ಇದೇ ಮರ್ಯಾದೆ ಸಿಕ್ಕಿತು. "ಬಂದವರಿಗೆ ನೀರು-ಬೆಲ್ಲ ಕೊಡೋದು ಬಿಟ್ಟು ಚಪ್ಪಲಿ ಕೊಡ್ತದಲ್ಲೋ ಇದು!" ಅಂದರು ಅಪ್ಪ. ಆದರೂ ತಗೊಂಡರು.

ಗುಂಡ ಹಳದಿ ಬಣ್ಣದ ಲ್ಯಾಬ್ರಡಾರ್. ನಾವಿರುವುದು ಪುಣೆಯ ಪಾಷಾಣ ಬಡಾವಣೆಯಲ್ಲಿ, ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ. ಅವನ ಪೂರ್ವಿಕರು ಇದ್ದದ್ದು ಕೆನಡಾದ ಪೂರ್ವ ತುದಿಯ ನ್ಯೂಫೌಂಡ್‌ಲ್ಯಾಂಡ್ ದ್ವೀಪದಲ್ಲಿ. ಅಲ್ಲಿನ ಬೆಸ್ತರ ಜೊತೆ ದೋಣಿಯಲ್ಲಿ ಹೋಗಿ, ಮಂಜಿನಂಥ ನೀರಿಗೆ ಹಾರಿ, ಬಲೆಯಿಂದ ಜಾರಿದ ಮೀನು ಹಿಡಿದು ತರುತ್ತಿದ್ದವು. ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲೆಂಡಿನ ಶ್ರೀಮಂತರ ಕಣ್ಣಿಗೆ ಬಿದ್ದು, ಮೀನು ಬಿಟ್ಟು, ಹೊಡೆದ ಬಾತುಕೋಳಿ ತರುವ ಕೆಲಸಕ್ಕೆ ವರ್ಗವಾದವು. ದ್ವೀಪ ನ್ಯೂಫೌಂಡ್‌ಲ್ಯಾಂಡ್, ಹೆಸರು ಮಾತ್ರ ಪಕ್ಕದ ಲ್ಯಾಬ್ರಡಾರ್ ಪ್ರದೇಶದ್ದು. ಪುಣೆಯ ಎಲ್ಲ ಉಡುಪಿ ಹೋಟೆಲಿನವರೂ ಉಡುಪಿಯವರೇ ಆಗಿರಬೇಕು ಅಂತೇನಿಲ್ಲವಲ್ಲ, ಹಾಗೆ. 1903ರಲ್ಲಿ ನಾಯಿ ತಳಿಗಳ ದಾಖಲೆ ಇಡುವ ಇಂಗ್ಲೆಂಡಿನ ಕೆನಲ್ ಕ್ಲಬ್ಬು ಇದನ್ನು ಪ್ರತ್ಯೇಕ ತಳಿ ಅಂತ ಒಪ್ಪಿಕೊಂಡಿತು.

ಮೈಕಟ್ಟೆಲ್ಲ ಆ ಕೆಲಸಕ್ಕೇ ಮಾಡಿಸಿದ್ದು. ಬೆರಳುಗಳ ನಡುವೆ ಚರ್ಮ, ಈಜಲಿಕ್ಕೆ. ಎರಡು ಪದರದ ಕೂದಲು, ನೀರು ಒಳಗೆ ಇಳಿಯದಿರಲಿಕ್ಕೆ. ಒಳಪದರ ವರ್ಷವಿಡೀ ನನ್ನ ಕಪ್ಪು ಪ್ಯಾಂಟಿನ ಮೇಲೆ ಉದುರುತ್ತಿರುತ್ತದೆ. ದಪ್ಪ ಬಾಲ ನೀರಿನಲ್ಲಿ ಚುಕ್ಕಾಣಿ. ನಮ್ಮ ಹಾಲ್‌ನಲ್ಲಿ ಅದೇ ಬಾಲ ಚಹಾದ ಕಪ್ಪು ಉರುಳಿಸುತ್ತದೆ.

ಅಪ್ಪನಿಗೆ ಇದು ಯಾವುದೂ ಹಿಡಿಸಲಿಲ್ಲ. "ನಮ್ಮ ಮುಧೋಳ ನಾಯಿ ನೋಡು. ಮೊಲಾ ಕಂಡ್ರ ಗಾಳಿ ಹಾಂಗ ಹೋಗಿ ಹಿಡೀತದ. ಅದು ಶಿಕಾರಿ ನಾಯಿ. ಇದೇನು ಮಾಡ್ತದ?" ಅಂದರು. ಪ್ರಶ್ನೆ ನ್ಯಾಯವಾದದ್ದೇ. ಮುಧೋಳ ನಾಯಿ ಕಣ್ಣಿಂದ ಬೇಟೆ ಹುಡುಕಿ, ಓಡಿ, ತಾನೇ ಹಿಡಿಯುತ್ತದೆ. ಅಂಚೆ ಇಲಾಖೆ 2005ರಲ್ಲಿ ಅದರ ಚಿತ್ರದ ಸ್ಟ್ಯಾಂಪೂ ತಂದಿದೆ. ಗುಂಡನ ರಿಟ್ರೀವರ್ ಜಾತಿ ಹಾಗಲ್ಲ. ಹೊಡೆಯುವವನು ಬೇರೆ, ಇವನು ಬಿದ್ದದ್ದನ್ನು ಹುಡುಕಿ ತರುವವನು. ಬಂದೂಕಿನವನು ಚಳಿನೀರಿಗೆ ಇಳಿಯಲಾರ. ಗಾಯಗೊಂಡ ಬಾತು ಜೊಂಡಿನೊಳಗೆ ಸೇರಿಕೊಂಡರೆ ಮನುಷ್ಯನ ಕಣ್ಣಿಗೆ ಸಿಗುವುದೂ ಇಲ್ಲ. ಅದಕ್ಕೇ ಈ ಪೋಸ್ಟ್‌ಮನ್. ಅದೂ ಎಂಥ ಪೋಸ್ಟ್‌ಮನ್! ಹಸಿದ ನಾಯಿ, ಬಾಯಲ್ಲಿ ಬಿಸಿಬಿಸಿ ಬಾತು, ಸುತ್ತ ಯಾರೂ ಇಲ್ಲ. ಆದರೂ ಹಲ್ಲು ಊರದೆ ತಂದು ಯಜಮಾನನ ಕೈಗೆ ಕೊಡಬೇಕು. ಇದಕ್ಕೆ ಶಿಕಾರಿಯವರು ಮೆತ್ತನೆಯ ಬಾಯಿ ಅನ್ನುತ್ತಾರೆ. ನಮ್ಮ ಸೊಸೈಟಿಯ ಕಮಿಟಿಯಲ್ಲಿ ಇಂಥ ಬಾಯಿ ಒಂದಿದ್ದರೆ ಪೈಪ್‌ಲೈನ್ ಕೆಲಸ ಯಾವತ್ತೋ ಮುಗಿಯುತ್ತಿತ್ತು.

ಇಷ್ಟೆಲ್ಲ ಓದಿಕೊಂಡ ಮೇಲೆ ನನಗೂ ಹುಚ್ಚು ಹತ್ತಿತು. ಕಾಡುಬಾತು ಹೊಡೆಯುವ ಪ್ರಶ್ನೆಯೇ ಇಲ್ಲ, 1972ರ ವನ್ಯಜೀವಿ ಕಾಯ್ದೆ ಇದೆ. ಬಾತು ಬೇಡ, ತರಬೇತಿಯಾದರೂ ಪೂರ್ತಿ ಆಗಲಿ ಅಂತ ಹೊರಟೆ.

ಮೊದಲ ಪಾಠಕ್ಕೆ ಉದ್ದನೆಯ, ಇಕ್ಕಟ್ಟಾದ ಜಾಗ ಬೇಕು. ಎಸೆದದ್ದನ್ನು ಎತ್ತಿಕೊಂಡ ಮರಿಗೆ ನಿಮ್ಮ ಕಡೆ ಬರುವುದು ಬಿಟ್ಟು ಬೇರೆ ದಾರಿ ಇರಬಾರದು. ಪುಣೆಯ ಫ್ಲ್ಯಾಟುಗಳಲ್ಲಿ ಇಕ್ಕಟ್ಟಿಗೆ ಬರವಿಲ್ಲ. ನಮ್ಮ ಪ್ಯಾಸೇಜು ಹೇಳಿ ಮಾಡಿಸಿದಂತಿತ್ತು. ಉರುಟಾಗಿ ಸುತ್ತಿದ ಹಳೇ ಕಾಲುಚೀಲವೇ ಬಾತುಕೋಳಿ. ಮೂರು ನಾಲ್ಕು ಸಲ ಎಸೆದು ನಿಲ್ಲಿಸಬೇಕು, ನಾಯಿಗೆ ಇನ್ನೂ ಬೇಕು ಅನ್ನಿಸುತ್ತಿರುವಾಗಲೇ. ಅದು ಕೊಡದೆ ಓಡಿದರೆ ಬೆನ್ನು ಹತ್ತಬಾರದು, ನಾವೇ ಉಲ್ಟಾ ಓಡಬೇಕು, ಆಗ ಅದು ನಮ್ಮ ಹಿಂದೆ ಬರುತ್ತದೆ. ನಲವತ್ತೆಂಟನೇ ವಯಸ್ಸಿನಲ್ಲಿ ಕಾಲುಚೀಲ ಕಚ್ಚಿದ ನಾಯಿಗೆ ಬೆನ್ನು ತೋರಿಸಿ ಅಡುಗೆಮನೆಯತ್ತ ಓಡುವುದು ಹೇಗಿರುತ್ತದೆ ಅಂತ ಹೆಂಡತಿಯನ್ನು ಕೇಳಿ. ಅವಳು ವಿಡಿಯೊ ಮಾಡಿಟ್ಟಿದ್ದಾಳೆ.

ತೊಂದರೆ ಬಂದದ್ದು ಭಾಷೆಯಲ್ಲಿ. ನಾನು "ಕೂಡು" ಅನ್ನುತ್ತಿದ್ದೆ, ಮಗಳು "ಸಿಟ್" ಅನ್ನುತ್ತಿದ್ದಳು. ಕೆಲಸಕ್ಕೆ ಬರುವ ಮಾವಶಿ ಮರಾಠಿಯಲ್ಲಿ "ಬಸ್" ಅನ್ನುತ್ತಿದ್ದರು. ತಿಂಡಿ ಅವರ ಕೈಯಿಂದಲೇ ಜಾಸ್ತಿ ಸಿಗುತ್ತಿದ್ದುದರಿಂದ ಗುಂಡ ಮರಾಠಿ ಕಲಿತ. ಧಾರವಾಡದವರಿಗೆ ಬಸ್ ಅಂದರೆ ಸಾಕು ಅಂತ, ಅಲ್ವಾ? ಅಪ್ಪ ಊಟಕ್ಕೆ ಕೂತು, ಅನ್ನ ಬಡಿಸುವಾಗ "ಬಸ್, ಬಸ್" ಅಂದರೆ ಸಾಕು, ಗುಂಡ ಟೇಬಲ್ಲಿನ ಪಕ್ಕ ದೊಪ್ಪನೆ ಕೂತು ಬಹುಮಾನಕ್ಕೆ ಬಾಯಿ ತೆರೆಯುತ್ತಿದ್ದ. ಅಪ್ಪ ಅದನ್ನು ಭಕ್ತಿ ಅಂದುಕೊಂಡರು.

ನಿಜವಾದ ಶಿಕಾರಿಯವರು ಈ ಗೋಜಿಗೇ ಹೋಗುವುದಿಲ್ಲ. ಅವರದು ಸೀಟಿ. ಒಂದು ಉದ್ದ ಸೀಟಿಗೆ ಕೂರಬೇಕು, ಪುಟ್ಟಪುಟ್ಟ ಸೀಟಿಗಳಿಗೆ ಓಡಿ ಬರಬೇಕು. ದೂರದಲ್ಲಿ ಕೂತ ನಾಯಿಗೆ ಕೈ ಚಾಚಿ ಎಡಕ್ಕೆ, ಬಲಕ್ಕೆ, ಇನ್ನೂ ಹಿಂದಕ್ಕೆ ಅಂತ ತೋರಿಸುತ್ತಾರೆ, ಥೇಟ್ ಟ್ರಾಫಿಕ್ ಪೊಲೀಸರ ಹಾಗೆ. ನಾನೂ ಸೀಟಿ ತಂದೆ. ಒಂದೇ ವಾರದಲ್ಲಿ ಗುಂಡ ಕುಕ್ಕರಿನ ಸೀಟಿಗೂ ಕೂರತೊಡಗಿದ. ಅವನಿಗೆ ವ್ಯತ್ಯಾಸ ಗೊತ್ತಾಗಲಿಲ್ಲವೋ, ಅಡುಗೆಮನೆ ಬಾಗಿಲಲ್ಲಿ ಕೂರಲಿಕ್ಕೆ ಅದೊಂದು ನೆಪವೋ, ಹೇಳುವುದು ಕಷ್ಟ. ಲ್ಯಾಬ್ರಡಾರ್‌ಗಳ ಹೊಟ್ಟೆಬಾಕತನದ ಬಗ್ಗೆ ಕೇಂಬ್ರಿಜ್‌ನ ವಿಜ್ಞಾನಿಗಳು 2016ರಲ್ಲಿ ಒಂದು ಸಂಗತಿ ಹೇಳಿದರು. ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್ರಡಾರ್‌ಗೆ ಹಸಿವಿಗೆ ಸಂಬಂಧಪಟ್ಟ ಒಂದು ಜೀನಿನ ತುಣುಕೇ ಇಲ್ಲವಂತೆ. ಗುಂಡನ ರಕ್ತ ಪರೀಕ್ಷೆ ಮಾಡಿಸಿಲ್ಲ. ಅವಶ್ಯಕತೆಯೂ ಕಾಣಲಿಲ್ಲ.

ಮುಂದಿನದು ಗುಂಡಿನ ಸದ್ದು. ಹೆಸರು ಗುಂಡ ಆದರೇನು, ಮರಿಯಾಗಿದ್ದಾಗ ಮೊದಲ ದೀಪಾವಳಿಯಲ್ಲಿ ಮೂರು ದಿನ ಮಂಚದ ಕೆಳಗಿಂದ ಹೊರಗೆ ಬರಲಿಲ್ಲ. ಸದ್ದಿಗೆ ಒಗ್ಗಿಸಲಿಕ್ಕೆ ಒಂದು ಕ್ರಮವಿದೆ. ಮೊದಲು ಬಹಳ ದೂರದಲ್ಲಿ, ಮೆಲ್ಲಗೆ, ನಾಯಿ ಊಟದಲ್ಲೋ ಆಟದಲ್ಲೋ ಮೈಮರೆತಿರುವಾಗ. ಆಮೇಲೆ ದಿನದಿನಕ್ಕೆ ಸ್ವಲ್ಪ ಹತ್ತಿರ. ಪುಣೆ ಇದನ್ನು ಪುಕ್ಕಟೆ ಮಾಡಿಕೊಟ್ಟಿತು. ಗಣೇಶ ಹಬ್ಬಕ್ಕೆ ವಾರಗಟ್ಟಲೆ ಮೊದಲೇ ಢೋಲ್-ತಾಶಾ ತಂಡಗಳ ತಾಲೀಮು ಶುರುವಾಗುತ್ತದೆ. ಸಂಜೆ ಗುಂಡನ ಊಟದ ಹೊತ್ತಿಗೆ ಸರಿಯಾಗಿ ದೂರದ ಮೈದಾನದಿಂದ ದಡ್ ದಡ್. ಮೊದಲು ಕಿವಿ ನಿಮಿರಿಸಿದ, ಆಮೇಲೆ ಬಟ್ಟಲು ನೆಕ್ಕಿದ. ಹಬ್ಬದ ಹೊತ್ತಿಗೆ ಅರ್ಧ ಕಿಲೋಮೀಟರ್ ಹತ್ತಿರ ಹೋದೆವು, ವಿಸರ್ಜನೆಯ ದಿನ ಗೇಟಿನಲ್ಲೇ ನಿಂತು ನೋಡಿದ. ಆ ವರ್ಷದ ದೀಪಾವಳಿಯಲ್ಲಿ ಮಂಚದ ಕೆಳಗೆ ಹೋದದ್ದು ಅವನಲ್ಲ, ಅವನು ಕದ್ದ ನನ್ನ ಚಪ್ಪಲಿ.

ಎಲ್ಲಕ್ಕಿಂತ ಕಷ್ಟದ್ದು ಸುಮ್ನೆ ಕೂರುವುದು. ಬಾತು ಬಿತ್ತು ಅಂತ ನಾಯಿ ಹಾರುವಂತಿಲ್ಲ. ಎಲ್ಲಿ ಬಿತ್ತು ಅಂತ ನೋಡಿ ನೆನಪಿಟ್ಟುಕೊಂಡು, ಹೋಗು ಅನ್ನುವವರೆಗೆ ಕೂತಿರಬೇಕು. ಎಸೆದದ್ದೆಲ್ಲ ತನಗಲ್ಲ ಅಂತ ಗೊತ್ತಾಗಲಿಕ್ಕೆ ಕೆಲವನ್ನು ಯಜಮಾನನೇ ನಡೆದು ಹೋಗಿ ಎತ್ತಿಕೊಂಡು ಬರಬೇಕು. ಹೀಗಾಗಿ ನಾನು ಒಂದು ತಿಂಗಳು ದಿನವೂ ಗ್ರೌಂಡಿನಲ್ಲಿ ಕಾಲುಚೀಲ ಎಸೆಯುತ್ತಿದ್ದೆ, ನಾನೇ ಹೋಗಿ ತರುತ್ತಿದ್ದೆ. ಗುಂಡ ಕೂತು ನೋಡುತ್ತಿದ್ದ. ವಾಕಿಂಗಿಗೆ ಬರುವ ಒಬ್ಬ ಅಜ್ಜಿ ನಿಂತು ನೋಡಿ, ನಾಯಿ ಚೆನ್ನಾಗಿ ಕಲಿಸಿದೆ ಅಂತ ಅವನ ತಲೆ ಸವರಿ ಹೋದರು.

ಒಂದು ಬೆಳಿಗ್ಗೆ ಅವನ ಬೆಲ್ಟು ಬಿಗಿಯಾಗಿ ಹಿಡಿದು ಕವಡಿಗೆ ಕರೆದುಕೊಂಡು ಹೋದೆವು. ಸೋಲಾಪುರ ರಸ್ತೆಯಲ್ಲಿ, ಮುಳಾ-ಮುಠಾ ನದಿಯ ದಂಡೆ. ನೀರು ನೊರೆ ನೊರೆ, ವಾಸನೆ ಬೇರೆ. ಆದರೂ ಚಳಿಗಾಲದಲ್ಲಿ ಚಕ್ರವಾಕ ಬಾತುಗಳು ಹಿಮಾಲಯ ದಾಟಿ ಇಲ್ಲಿಗೇ ಬರುತ್ತವೆ. ಕಾವಿ ಬಣ್ಣದ ಜೋಡಿಗಳು, ಮಂಜಿನಲ್ಲಿ. ಅಪ್ಪ ಶಾಲೆಯಲ್ಲಿ ಓದಿದ ಚಕ್ರವಾಕವನ್ನು ಎಪ್ಪತ್ತಾರನೇ ವಯಸ್ಸಿನಲ್ಲಿ ಮೊದಲ ಸಲ ಕಂಡರು. ನನಗೆ ರಾಜಸ್ಥಾನದ ಭರತಪುರ ಪಕ್ಷಿಧಾಮದ ಕಲ್ಲಿನ ಫಲಕ ನೆನಪಾಯಿತು. 1938ರ ನವೆಂಬರಿನಲ್ಲಿ ವೈಸರಾಯ್ ಲಿನ್‌ಲಿತ್‌ಗೋ ಬಂದಾಗ ಅಲ್ಲಿ ಒಂದೇ ದಿನ ಹೊಡೆದ ಹಕ್ಕಿಗಳ ಲೆಕ್ಕ: 4,273. ಅಷ್ಟನ್ನೂ ನೀರಿನಿಂದ ಹೆಕ್ಕಿ ತಂದವರ ಹೆಸರು, ಮನುಷ್ಯರದಾಗಲಿ ನಾಯಿಯದಾಗಲಿ, ಆ ಕಲ್ಲಿನ ಮೇಲಿಲ್ಲ. ಗುಂಡ ಮೂಗು ಅಲ್ಲಾಡಿಸುತ್ತ ಕೂತೇ ಇದ್ದ. ಒಂದು ಗಂಟೆ. ನಾನು ಸೀಟಿ ಊದಿರಲಿಲ್ಲ.

ಇನ್ನು ಕೊನೆಯ ಪರೀಕ್ಷೆ ಉಳಿದಿತ್ತು. ಮೆತ್ತನೆಯ ಬಾಯಿ ಹೌದೋ ಅಲ್ಲವೋ ನೋಡಲಿಕ್ಕೆ ಕೆಲವರು ನಾಯಿಯ ಬಾಯಿಗೆ ಹಸಿ ಮೊಟ್ಟೆ ಕೊಡುತ್ತಾರೆ. ಒಡೆಯದೆ ತಂದರೆ ಪಾಸು. ನಮ್ಮ ಮನೆಯಲ್ಲಿ ಮೊಟ್ಟೆ ಬರುವಂತಿಲ್ಲ, ಅದರಲ್ಲೂ ಅಪ್ಪ ಇರುವಾಗ. ಆದರೆ ಉಪಾಯ ಹೇಳಿದವರು ಅಪ್ಪನೇ. "ಮೊಟ್ಟಿಗಿಂತ ಸೂಕ್ಷ್ಮ ಅದ, ನಮ್ಮ ಕಡಕ್ ರೊಟ್ಟಿ. ಕೊಟ್ಟು ನೋಡು."

ಊರಿಂದ ತಂದ ಡಬ್ಬಿಯಿಂದ ಒಂದು ಜೋಳದ ರೊಟ್ಟಿ ತೆಗೆದೆ. ಮುಟ್ಟಿದರೆ ಮುರಿಯುವಂಥದ್ದು. ಅಡುಗೆಮನೆಯಲ್ಲಿ ಗುಂಡನ ಬಾಯಿಗೆ ಅಂಚು ಕೊಟ್ಟೆ. ಹಾಲ್‌ನಲ್ಲಿ ಕೂತ ಅಪ್ಪ ಕೈ ಚಾಚಿದರು. ಪ್ಯಾಸೇಜಿನ ತುಂಬ ಒಂದು ರೊಟ್ಟಿ ತಾನೇ ನಡೆದು ಹೋದಂತೆ ಕಂಡಿತು, ಹಿಂದೆ ಜೊಲ್ಲಿನ ಎರಡು ಗೆರೆ. ಮಧ್ಯದಲ್ಲಿ ಒಂದು ಸಲ ನಿಂತ. ಹೆಂಡತಿ ಉಸಿರು ಹಿಡಿದಳು. ಮತ್ತೆ ನಡೆದ. ಅಪ್ಪ "ಬಿಡು" ಅಂದರು, ಕನ್ನಡದಲ್ಲೇ. ಬಿಟ್ಟ.

ಅಪ್ಪ ರೊಟ್ಟಿಯನ್ನು ಬೆಳಕಿಗೆ ಹಿಡಿದು ಸುತ್ತ ನೋಡಿದರು. ಎಲ್ಲೂ ಬಿರುಕಿಲ್ಲ.

"ಮುರದಿಲ್ಲ ನೋಡು," ಅಂದರು. ಅಂಚನ್ನು ಬೆರಳಿಂದ ಒತ್ತಿ ಮುಖ ಸಿಂಡರಿಸಿದರು. "ಆದ್ರ ಮೆತ್ತಗಾಗೇದ."

ಗುಂಡ ಆ ರೊಟ್ಟಿಯನ್ನೇ ನೋಡುತ್ತ ಕೂತಿದ್ದ. ಯಾರೂ ಬಸ್ ಅಂದಿರಲಿಲ್ಲ.